ನೀಲಗಂಗಮ್ಮನ ರೈಲು

"ಮೊದಲು ಇದನ್ನ ಕಿತ್ತು ಆಚೆ ಹಾಕ್ಬೇಕು. ಯಾರಾದ್ರೂ ಎಡವಿ ಬಿದ್ರೆ ಅದೊಂದು ಬೇರೆ ರಾಮಾಯಣ," ಎನ್ನುತ್ತ ಕೊಟ್ರೇಶ ಮಂಡಿಯೂರಿ ಕೂತು, ಪ್ಯಾಸೇಜಿನ ಗೋಡೆಗುಂಟ ಹಾಕಿದ್ದ ಅಲ್ಯೂಮಿನಿಯಂ ಹಳಿಯ ಸ್ಕ್ರೂ ಬಿಚ್ಚತೊಡಗಿದ. ಸತ್ತವರು ಅವನ ಅಣ್ಣ.

ಒಳಕೋಣೆಯ ಮಂಚದ ಮೇಲೆ ಮಲಗಿದ್ದ ನೀಲಗಂಗಮ್ಮನಿಗೆ ಒಂದೊಂದು ಸ್ಕ್ರೂ ಬಿಚ್ಚುವ ಸದ್ದೂ ಕೇಳುತ್ತಿತ್ತು. ಬೇಡ ಎನ್ನಲು ಬಾಯಿ ಬರಲಿಲ್ಲ. ಗಂಡನೇ ಹೋಗಿರುವಾಗ ಹಳಿಗಾಗಿ ಅಳುವುದೇ ಎಂದು ನಾಚಿಕೆಯಾಯಿತು.

ಬಸವೇಶ್ವರನಗರದ ಆ ಮನೆ, ಮಾಲೀಕರು ತಮ್ಮ ಕಟ್ಟಡದ ಪಕ್ಕಕ್ಕೆ ಅಂಟಿಸಿ ಬಾಡಿಗೆಗೆ ಕೊಟ್ಟ ಪೋರ್ಷನ್ನು. ಬೀದಿಬಾಗಿಲು, ಹಾಲ್, ಅಲ್ಲಿಂದ ನೇರಕ್ಕೆ ಮೂರಡಿ ಅಗಲದ ಪ್ಯಾಸೇಜು, ಅದರ ಕೊನೆಗೆ ಈ ಕೋಣೆ. ಪ್ಯಾಸೇಜಿನ ಆ ತುದಿಯಲ್ಲಿ, ಹಾಲ್‌ನ ಕಡೆಗೆ, ಪಕ್ಕಕ್ಕೆ ಅಡುಗೆಮನೆ. ಮಂಚದಿಂದ ನೋಡಿದರೆ ಬೀದಿಬಾಗಿಲಿನ ತನಕ ಒಂದು ಸೀಳು ಕಾಣುತ್ತದೆ, ಅಷ್ಟೇ. ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಸೋಮಲಿಂಗಪ್ಪನವರನ್ನು ಕುರ್ಚಿಯಲ್ಲಿ ಕೂರಿಸಿ ಹಾಲ್‌ನ ಎಡಗೋಡೆಗೆ ಇಟ್ಟಿದ್ದರು. ಸೀಳಿನಲ್ಲಿ ಬಂದವರ ಬೆನ್ನುಗಳು ಕಂಡವು, ಕೂತವರು ಕಾಣಲಿಲ್ಲ.

"ಆಂಟಿ, ಒಂದು ಗುಟುಕು ನೀರಾದ್ರೂ ಕುಡೀರಿ," ಎಂದಳು ಮಹಡಿ ಮನೆಯ ಶುಭಾ.

"ನೀರು ಬೇಡ ಕಣಮ್ಮ. ನನ್ನನ್ನ ಅಲ್ಲಿಗೆ ಕರ್ಕೊಂಡೋಗಿ. ಒಂದ್ಸಲ ಮುಖ ನೋಡ್ಬೇಕು."

ಕೊಟ್ರೇಶ ಸ್ಕ್ರೂಡ್ರೈವರ್ ಹಿಡಿದೇ ಬಾಗಿಲಿಗೆ ಬಂದ. "ಅತ್ತಿಗೆ, ಸೊಂಟ ಮುರಿದು ನಾಲ್ಕು ವರ್ಷ ಆಯ್ತು, ಮಗ್ಗುಲು ಬದಲಾಯಿಸಿದ್ರೇ ಕಿರುಚ್ತೀರ. ಎತ್ತೋಕೆ ಹೋಗಿ ಹೆಚ್ಚುಕಮ್ಮಿ ಆದ್ರೆ ಏನ್ ಗತಿ? ಮೂರು ಗಂಟೆಗೆ ಗಾಡಿ ಬೇರೆ ಬರುತ್ತೆ."

ಶುಭಾ ಪಾಪ, ಹಾಲ್‌ಗೆ ಹೋಗಿ ಮೊಬೈಲಿನಲ್ಲಿ ಫೋಟೊ ತೆಗೆದು ತಂದಳು. ನೀಲಗಂಗಮ್ಮ ಮುಖ ತಿರುಗಿಸಿದಳು.

"ಫೋಟೊ ನೋಡೋಕೆ ನಲವತ್ತು ವರ್ಷ ಸಂಸಾರ ಮಾಡ್ಲಿಲ್ಲ ನಾನು."

*

ಪೀಣ್ಯದ ಮೋಟರ್ ವೈಂಡಿಂಗ್ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ದುಡಿದು ಸೋಮಲಿಂಗಪ್ಪ ಸಂಪಾದಿಸಿದ್ದು ಮುಖ್ಯವಾಗಿ ಕಿವುಡು. ಮಕ್ಕಳಿಲ್ಲದ ಮನೆ. ಹೆಂಡತಿ ಹಾಸಿಗೆ ಹಿಡಿದ ಮೇಲೆ ಆಕೆ ಕೂಗುವುದು, ಅಡುಗೆಮನೆಯಲ್ಲಿದ್ದ ಅವರಿಗೆ ಕೇಳಿಸದೆ ಹೋಗುವುದು, ಆಕೆ ಅಳುವುದು. ಆರು ತಿಂಗಳು ಇದೇ ಪಾಡು. ಒಂದು ಭಾನುವಾರ ಗುಜರಿಯಿಂದ ರಿಮೋಟಿನ ಆಟದ ಕಾರೊಂದನ್ನು ತಂದು, ಅದರ ಕರುಳು ಬಗೆದು ರೈಲು ಮಾಡಿದರು. ಹಳಿಗೆ ಕಿಟಕಿ ಮಾಡುವವರ ಅಂಗಡಿಯ ತುಂಡುಗಳು, ಬೋಗಿಗೆ ಸ್ಟೀಲಿನ ಸೋಪುಪೆಟ್ಟಿಗೆ. ಕರೆಯುವುದಕ್ಕೆ ಒಂದು ದೀಪ ಹಾಕಿದ್ದರೂ ಸಾಕಿತ್ತು, ಆದರೆ ದೀಪ ಕಾಫಿ ಲೋಟ ಹೊರುವುದಿಲ್ಲವಲ್ಲ!

ಹೋಗುವುದೇನೋ ಹೋಯಿತು, ಬರುವುದೇ ಕಷ್ಟ. ಹೆಂಡತಿಯ ಕೈಗೆ ಕೊಟ್ಟ ರಿಮೋಟಿಗೆ ಇದ್ದದ್ದು ಒಂದೇ ಬಟನ್. ಒತ್ತಿದರೆ ಮುಂದಕ್ಕೆ, ಬಿಟ್ಟರೆ ನಿಲ್ಲುತ್ತಿತ್ತು. ಸುತ್ತು ಹೊಡೆದು ಬರಲು ಆ ಪ್ಯಾಸೇಜಿನಲ್ಲಿ ಜಾಗವೆಲ್ಲಿ? ಹಿಂದೆ ಮುಂದೆ ಎರಡೂ ಕಡೆ ಓಡಿಸುವ ಸರ್ಕ್ಯೂಟಿನ ಬೆಲೆ ಕೇಳಿ, ಅಂಗಡಿಯವನಿಗೆ ಕೈಮುಗಿದು ವಾಪಸು ಬಂದರು.

"ಮೋಟರ್‌ಗೆ ಬರೋದು ಎರಡೇ ವೈರು ಕಣೇ. ಅದಲು ಬದಲು ಮಾಡಿದ್ರೆ ಉಲ್ಟಾ ತಿರುಗುತ್ತೆ. ಪ್ರತಿ ಸಲ ಮಾಡೋರು ಯಾರು? ಗೋಡೆನೇ ಮಾಡ್ಲಿ."

ಹಳೆಯ ಟೇಪ್‌ರೆಕಾರ್ಡರಿನ ಜಾರುವ ಸ್ವಿಚ್ಚೊಂದನ್ನು ಎಂಜಿನ್ನಿನ ಹೊಟ್ಟೆಗೆ ಕೂರಿಸಿ, ಅದಕ್ಕೆ ಸೈಕಲ್ ಕಡ್ಡಿ ಸಿಕ್ಕಿಸಿದರು. ಆ ತುದಿಯಲ್ಲಿ ಅಡುಗೆಮನೆ ಬಾಗಿಲ ಬಳಿ ಚಾಚಿಕೊಂಡಿದ್ದ ಗೋಡೆಗೆ ಗುದ್ದಿದ ಕೂಡಲೇ ಕಡ್ಡಿ ಜರುಗಿ, ವೈರು ಅದಲುಬದಲಾಗಿ, ಬಂಡಿ ಹಿಂದಕ್ಕೆ ಹೊರಡುತ್ತಿತ್ತು. ಈ ತುದಿಯಲ್ಲಿ, ಆಕೆಯ ಕೈಗೆಟುಕುವಲ್ಲಿ, ಮಂಚದ ಕಾಲಿಗೆ ಗುದ್ದಿದರೆ ಮತ್ತೆ ಮುಂದಕ್ಕೆ. ಗುದ್ದಿದ ಸದ್ದಾದೊಡನೆ ಆಕೆ ಬಟನ್ ಬಿಡಬೇಕು. ಮೊದಮೊದಲು ಬಿಡದೆ, ಅವರು ಲೋಟ ಇಡುವಷ್ಟರಲ್ಲಿ ಬಂಡಿ ಹೊರಟು ನೆಲವೆಲ್ಲ ಕಾಫಿ. "ನಿಂಗೆ ರೈಲ್ವೇಲಿ ಯಾರೂ ಕೆಲಸ ಕೊಡಲ್ಲ ಬಿಡು," ಎಂದು ನೆಲ ಒರೆಸುತ್ತಲೇ ನಗುತ್ತಿದ್ದರು.

ಇವತ್ತು ಬೆಳಗ್ಗೆ ಆರಕ್ಕೆ ಆಕೆ ಖಾಲಿ ಲೋಟ ಕಳಿಸಿದಳು. ಗುದ್ದಿದ ಸದ್ದಾಯಿತು. ಸ್ವಲ್ಪ ಹೊತ್ತು ಬಿಟ್ಟು ಬಟನ್ ಒತ್ತಿದರೆ ಖಾಲಿ ಲೋಟವೇ ಬಂತು. ಸ್ಟವ್ ಹಚ್ಚುತ್ತಿರಬೇಕು ಎಂದುಕೊಂಡು ಮತ್ತೆ ಕಳಿಸಿದಳು. ಏಳನೆಯ ಸಲವೂ ಖಾಲಿ ಲೋಟ ಬಂದು ಮಂಚದ ಕಾಲಿಗೆ ಗುದ್ದಿದಾಗ ಆಕೆಗೆ ಗೊತ್ತಾಗಿಹೋಯಿತು. ಮೊಬೈಲು ಹಾಲ್‌ನಲ್ಲಿ ಚಾರ್ಜಿಗಿತ್ತು. ಗಂಟಲು ಹರಿಯುವಂತೆ ಕೂಗಿದಳು. ಶುಭಾ ಕೇಳಿಸಿಕೊಂಡು ಇಳಿದು ಬರುವ ಹೊತ್ತಿಗೆ ಎಂಟು. ಅವರು ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದರು. ಆ ಎರಡು ಗಂಟೆ ಗಂಡ ಹೆಂಡತಿ ಇಬ್ಬರೂ ಒಂದೇ ಮನೆಯಲ್ಲಿ, ಹದಿನೈದು ಅಡಿ ದೂರದಲ್ಲಿದ್ದರು.

*

ಎರಡೂವರೆಗೆ ಮರಿಯಪ್ಪ ಬಂದ. ಶೆಡ್ಡಿನಲ್ಲಿ ಸೋಮಲಿಂಗಪ್ಪನವರ ಪಕ್ಕದ ಬೆಂಚಿನಲ್ಲೇ ಕೂತು ತಂತಿ ಸುತ್ತಿದವನು. ಹಾರ ಹಾಕಿ, ಕೋಣೆಗೆ ಬಂದು, ನೀಲಗಂಗಮ್ಮನ ಮಾತು ಕೇಳಿದ.

"ಅಲ್ಲ ಕೊಟ್ರೇಶಪ್ಪ, ಅಮ್ಮ ಅಲ್ಲಿಗೆ ಬರೋಕಾಗಲ್ಲ ಅಂದ್ರೆ ಅವರನ್ನೇ ಇಲ್ಲಿಗೆ ತರೋಣ. ಹೆಂಗಿದ್ರೂ ಕುರ್ಚೀಲಿ ಕೂತಿದಾರೆ."

"ಪೂಜೆ ಆದ್ಮೇಲೆ ಆಚೆಗೆ ಎತ್ಕೊಂಡು ಹೋಗೋದು ಗೊತ್ತು. ಒಳಕ್ಕೆ ತರೋದನ್ನ ಎಲ್ಲಾದ್ರೂ ನೋಡಿದೀರಾ? ನಾಳೆ ಜನ ಏನಂತಾರೆ?"

"ಜನ ಬಂದು ಇವರಿಗೆ ಕಾಫಿ ಕೊಡ್ತಾರಾ?" ಎಂದು ಬಾಗಿಲ ಬಳಿಯಿಂದ ಕೇಳಿದವರು ಪೂಜೆಗೆ ಬಂದಿದ್ದ ಅಯ್ಯನವರು. "ತನ್ನಿ. ಬೇಗ ತನ್ನಿ."

ಮರಿಯಪ್ಪ ಗೇಣು ಹಾಕಿ ಪ್ಯಾಸೇಜು ಅಳೆದ, ಕುರ್ಚಿ ಅಳೆದ. ಹಳಿ ಕಿತ್ತಿದ್ದರಿಂದ ಸರಾಗವಾಗಿ ಹಿಡಿಸುತ್ತಿತ್ತು. ಅವನು ಕುರ್ಚಿಯ ಬೆನ್ನು ಹಿಡಿದ. ಕೊಟ್ರೇಶ ಗೊಣಗುತ್ತಲೇ ಮುಂಗಾಲು ಹಿಡಿದು ಬಾಗಿದ.

ಸೋಮಲಿಂಗಪ್ಪ ಬಂದರು. ಹಣೆ ತುಂಬ ವಿಭೂತಿ, ತಲೆಗೆ ಪೇಟ, ಎಡ ಅಂಗೈಯಲ್ಲಿ ಇಷ್ಟಲಿಂಗ. ಮಂಚಕ್ಕೆ ತಾಗಿಸಿ ಇಳಿಸಿದರು. ನೀಲಗಂಗಮ್ಮ ಕೈ ಚಾಚಿ ಗದ್ದ ಮುಟ್ಟಿದಳು. ಗಡ್ಡ ಚುಚ್ಚಿತು. ಬುಧವಾರಕ್ಕೊಮ್ಮೆ ಗಡ್ಡ ಮಾಡಿಕೊಳ್ಳುವವರು, ಇವತ್ತು ಮಂಗಳವಾರ.

"ಏಳು ಸಲ ಕಳಿಸ್ದೆ ಕಣ್ರೀ," ಎಂದಳು. "ಎದ್ದು ಬರೋಕೆ ನನ್ನ ಕೈಲಿ ಆಗ್ಲಿಲ್ಲ."

ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಶುಭಾ ಆಕೆಯ ತಲೆ ಹಿಡಿದುಕೊಂಡಳು. ಹೊರಗೆ ಗಾಡಿಯ ಹಾರನ್ ಆಯಿತು.

"ಹೊತ್ತಾಯ್ತು. ಕುರ್ಚಿ ತಿರುಗಿಸ್ಕೊಳ್ಳಿ," ಎಂದ ಕೊಟ್ರೇಶ.

"ತಿರುಗಿಸೋಕೆ ಜಾಗ ಎಲ್ಲಿದೆ? ಹಿಂಗೇ ಹಿಂದಕ್ಕೆ ತಗೊಳ್ಳೋಣ," ಎಂದು ಮರಿಯಪ್ಪ ಹಿಮ್ಮಡಿಯಿಂದ ದಾರಿ ತಡಕುತ್ತ ನಡೆಯತೊಡಗಿದ.

ಕೊಟ್ರೇಶನ ಬಾಗಿದ ಬೆನ್ನಿನ ಮೇಲೆ ಆ ಮುಖ ಪ್ಯಾಸೇಜು ದಾಟಿತು. ಹಾಲ್‌ನ ಜನ ಎರಡು ಪಾಲಾಗಿ ಸರಿದರು. ದುಡಿಮೆಯ ಅಷ್ಟೂ ವರ್ಷ ಬೆಳಗ್ಗೆ ಬೆಳಗ್ಗೆ ನೀಲಗಂಗಮ್ಮ ನೋಡಿದ್ದು ಅವಸರದಲ್ಲಿ ಹೊರಡುವ ಬೆನ್ನು, ಬೆನ್ನಿಗೆ ಅಂಟಿದ ಊಟದ ಚೀಲ. ಇವತ್ತು ಬೀದಿಬಾಗಿಲಿನ ಬೆಳಕಿಗೆ ಹೋಗುವ ತನಕ ಅವರು ಆಕೆಯ ಕಡೆಗೇ ಮುಖಮಾಡಿದ್ದರು.

"ಹೊಸ್ತಿಲು, ಹೊಸ್ತಿಲು," ಎಂದರು ಯಾರೋ.

"ಹೋಗ್ಬನ್ನೀ," ಎಂದು ನೀಲಗಂಗಮ್ಮ ಕೂಗಿದಳು, ಅವರಿಗೆ ಕೇಳಿಸುವಷ್ಟು ಜೋರಾಗಿ.