ಪರದೆಯೊಳಗಿನ ಕೆಮ್ಮು

ನಮ್ಮ ಊರಿನ ದ್ಯಾಮವ್ವನ ಮೂರ್ತಿ ಮರದ್ದು. ಮೂರು ವರ್ಷಕ್ಕೊಮ್ಮೆ ಅದಕ್ಕೆ ಹೊಸ ಬಣ್ಣ ಹಚ್ಚುತ್ತಾರೆ. ಬಣ್ಣ ಒಣಗಿದ ಮೇಲೆ ದೇವಿಯ ಕೈಗಳಿಗೆ ಹಸಿರು ಗಾಜಿನ ಬಳೆ ತೊಡಿಸುತ್ತಾರೆ. ಅದೇ ದಿನ ಅದೇ ಬಳೆಗಾರರಿಂದ ಊರಿನ ಹೆಂಗಸರೂ ಬಳೆ ಇಡಿಸಿಕೊಳ್ಳುವುದು ರೂಢಿ.

ಈ ಸೇವೆ ರಸೂಲಸಾಬನ ಮನೆತನದ್ದು. ಅವನು ಹೋದ ಬೇಸಿಗೆಯಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ಹೆಂಡತಿ ಜರೀನಾಬಿ ಗಂಡನೊಡನೆ ಸಂತೆಗಳಿಗೆ ಹೋಗಿ ಬಳೆ ಇಟ್ಟವಳೇ. ಆದರೆ ದ್ಯಾಮವ್ವನ ಕೈ ಮುಟ್ಟಿದವಳಲ್ಲ. ಬಳೆ ತೊಡಿಸುವಾಗ ಗರ್ಭಗುಡಿಗೆ ಪರದೆ ಇಳಿಬಿಡುತ್ತಾರೆ. ಒಳಗೆ ಬಳೆಗಾರ ಮತ್ತು ಪೂಜಾರಿ ಹನಮಪ್ಪನ ಹೆಂಡತಿ ಸಣ್ಣವ್ವ, ಇಬ್ಬರೇ. ಅಲ್ಲಿ ನಡೆದದ್ದನ್ನು ಹೊರಗೆ ಆಡುವಂತಿಲ್ಲ. ರಸೂಲಸಾಬ ಹೆಂಡತಿಗೂ ಹೇಳಿರಲಿಲ್ಲ.

ಸೇವೆಯನ್ನು ತಾನೇ ಮುಂದುವರಿಸುವುದಾಗಿ ಜರೀನಾಬಿ ಗುಡಿಯ ಸಮಿತಿಯನ್ನು ಕೇಳಿಕೊಂಡಳು. ಅವಳು ಮುಸಲ್ಮಾನಳೆಂಬ ಮಾತನ್ನು ಯಾರೂ ಎತ್ತಲಿಲ್ಲ. ಸೇವೆ ಮೊದಲಿನಿಂದಲೂ ಆ ಮನೆಯದೇ. ಗಂಡನನ್ನು ಕಳೆದುಕೊಂಡವಳು ದೇವಿಗೆ ಬಳೆ ತೊಡಿಸಬಹುದೇ ಎಂಬುದು ಪ್ರಶ್ನೆಯಾಯಿತು. ಕೊನೆಗೆ ಸಮಿತಿಯ ಹಿರಿಯ ಸಿದ್ಧಲಿಂಗ ಷರತ್ತು ಹಾಕಿದ. ಒಂದು ಬಳೆ ಒಡೆದರೂ ದೇವಿ ಒಪ್ಪಲಿಲ್ಲವೆಂದು ತಿಳಿದು ಸೇವೆಯನ್ನು ಅಣ್ಣಿಗೇರಿಯ ಬಳೆ ಅಂಗಡಿಯವರಿಗೆ ಕೊಡುವುದು. ರಸೂಲಸಾಬನ ಕಾಲದಲ್ಲಿ ಒಂದೂ ಒಡೆದ ಸಪ್ಪಳ ಕೇಳಿರಲಿಲ್ಲ ಎಂದು ಅವನು ನೆನಪಿಸಿದ.

ಅದು ನಿಜ. ಆಗ ಕೇಳುತ್ತಿದ್ದುದು ರಸೂಲಸಾಬನ ಕೆಮ್ಮು ಮಾತ್ರ. ದೇವಿಗೆ ಎರಚುವ ಭಂಡಾರ, ಅಂದರೆ ಅರಿಶಿನಪುಡಿ, ಅವನಿಗೆ ಆಗಿಬರುವುದಿಲ್ಲವೆಂದು ಊರು ನಂಬಿತ್ತು. ಸೇವೆಯ ದಿನ ರಾತ್ರಿ ಜರೀನಾಬಿ ಶುಂಠಿ ಕಷಾಯ ಮಾಡಿಕೊಡುತ್ತಿದ್ದಳು. ಅವನು ಲೋಟ ಖಾಲಿ ಮಾಡುತ್ತಿದ್ದ.

ಮಂಗಳವಾರ ಬೆಳಿಗ್ಗೆ ಪರದೆ ಇಳಿಯಿತು. ಜರೀನಾಬಿ ದೇವಿಯ ಬಲಗೈಗೆ ಎಣ್ಣೆ ಸವರಿ ಬಳೆ ಏರಿಸಿದಳು. ಅದು ಹೆಬ್ಬೆರಳಿನ ಬುಡದಲ್ಲಿ ನಿಂತಿತು. ಅವಳು ಅಭ್ಯಾಸದಂತೆ ಅಂಗೈಯನ್ನು ಒತ್ತಿದಳು.

“ಕೈ ಸಡ್ಲ ಬಿಡವಾ,” ಎಂದಳು.

ಅದು ಮರವೆಂದು ನೆನಪಾಗುವಷ್ಟರಲ್ಲಿ ಬಳೆ ಚಟ್ಟೆಂದಿತು. ಅದೇ ಹೊತ್ತಿಗೆ ಸಣ್ಣವ್ವ ಜೋರಾಗಿ ಕೆಮ್ಮಿದಳು.

ಜರೀನಾಬಿ ಅವಳತ್ತ ನೋಡಿದಳು. ಸಣ್ಣವ್ವ ಚೂರುಗಳನ್ನು ಆರಿಸಿ ಸೆರಗಿನಲ್ಲಿ ಗಂಟು ಹಾಕಿ ಪಿಸುಗುಟ್ಟಿದಳು.

“ಪ್ರತಿ ಸಲಾನೂ ಮೂರ್ನಾಕು ಒಡೀತಾವ. ಕಟಗಿ ಕೈ ಬೇ ಅದು, ಹೆಂಗ ಸಡ್ಲ ಬಿಡ್ತಾಳ? ನಿನ್ನ ಗಂಡ ಮನ್ಯಾಗ ಯಾವತ್ತರೆ ಕೆಮ್ಮಿದ್ದನೇನು?”

ಕೆಮ್ಮಿರಲಿಲ್ಲ.

ಒಳಗೇನು ನಡೆದಿದೆಯೆಂದು ಸಿದ್ಧಲಿಂಗ ಹೊರಗಿನಿಂದ ಕೇಳಿದ. ಉತ್ತರ ಕೊಟ್ಟವನು ಪರದೆಯ ಹೊರಗೇ ನಿಂತಿದ್ದ ಹನಮಪ್ಪ.

“ಈ ಸಲ ಭಂಡಾರ ಭಾಳ ಆಗೇತ್ರಿ. ನಮ್ಮಾಕಿಗೂ ಗಂಟ್ಲ ಹಿಡದೈತಿ.”

ಇನ್ನೂ ಎರಡು ಬಳೆ ಒಡೆದವು. ಒಮ್ಮೆ ಸಣ್ಣವ್ವ ಅವಸರಪಟ್ಟು ಮೊದಲೇ ಕೆಮ್ಮಿದಳು. ಆ ಬಳೆ ಮಾತ್ರ ಸುಮ್ಮನೆ ಏರಿತು. ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಗೆ ತಡೆದರು.

ಪರದೆ ಸರಿದಾಗ ದ್ಯಾಮವ್ವನ ಎರಡೂ ಕೈಗಳಲ್ಲಿ ಹಸಿರು ತುಂಬಿತ್ತು. ಸಿದ್ಧಲಿಂಗ ನೆಲವನ್ನು ಬಗ್ಗಿ ನೋಡಿದ. ಒಂದು ಚೂರೂ ಇರಲಿಲ್ಲ. ಅವನು ಕೈಮುಗಿದು, ತನ್ನ ಸೊಸೆ ರಾಜೇಶ್ವರಿಯನ್ನು ಮೊದಲು ಬಳೆ ಇಡಿಸಿಕೊಳ್ಳಲು ಕರೆದ.

ಹನಮಪ್ಪ ಸೇವೆಯ ತೆಂಗಿನಕಾಯಿಯನ್ನು ಜರೀನಾಬಿಯ ಕೈಯಲ್ಲಿ ಇಡುತ್ತ ದನಿ ತಗ್ಗಿಸಿದ.

“ಮುಂದಿನ ಸಲ ಕೆಮ್ಮೂದೂ ನೀನ ಮಾಡಬೇಕು ನೋಡ ಜರೀನವ್ವಾ. ನಮ್ಮಾಕಿಗೆ ಅದು ಸರಿಯಾಗಿ ಬರೂದಿಲ್ಲ.”

ಜರೀನಾಬಿ ಕಾಯಿಯನ್ನು ಬುಟ್ಟಿಯಲ್ಲಿಟ್ಟು, ರಾಜೇಶ್ವರಿ ಚಾಚಿದ್ದ ಕೈ ಹಿಡಿದಳು.