ಗಿಡ್ಡ ಕಂಬ

ಎಂಟು ಸಲ ಎದ್ದು ಕೂತ ಅಣ್ಣ ಒಂಬತ್ತನೆಯ ಸಲ ಏಳಲಿಲ್ಲ. ಎರಡೂ ಕೈಗಳನ್ನು ಎದೆಯ ಮೇಲೆ ಕತ್ತರಿ ಹಾಕಿಕೊಂಡೇ ತಂಗಿಯ ಕಂಪ್ಯೂಟರಿನತ್ತ ನೋಡುತ್ತ ಉಳಿದುಬಿಟ್ಟ.

"ಇದೇನೇ ಪುಟ್ಟಿ, ಕೊನೇದು ಇಷ್ಟು ಗಿಡ್ಡ?"

ಕಂಪ್ಯೂಟರಿನಲ್ಲಿ ನೀಲಿ ಕಂಬಗಳ ಸಾಲು ನಿಂತಿತ್ತು. ವೈರಸ್ ಜ್ವರ ಬಂದುಹೋದ ಮೇಲೆ ಮಾಂಸಖಂಡ ಕರಗುವುದರ ಬಗ್ಗೆ ಜಗತ್ತಿನಲ್ಲಿ ಯಾವ ವರ್ಷ ಎಷ್ಟು ಸಂಶೋಧನಾ ಲೇಖನಗಳು ಬಂದವು ಎಂಬುದರ ಚಿತ್ರ. ಗ್ರಂಥಾಲಯದ ಮೂರನೆಯ ಮಹಡಿಯಲ್ಲಿ ಕೂತು ಇಂಥವನ್ನು ಎಣಿಸುವುದೇ ತಂಗಿಯ ಕೆಲಸ. ಈ ಸಲದ ವಿಷಯವನ್ನು ಮಾತ್ರ ಅವಳೇ ಕೇಳಿ ಪಡೆದಿದ್ದಳು. ಮೊದಮೊದಲ ಕಂಬಗಳು ಅಂಗುಲದಷ್ಟು, ಆಮೇಲಿನವು ಒಂದೇ ನೆಗೆತಕ್ಕೆ ಆಕಾಶಕ್ಕೆ. ತುದಿಯಲ್ಲಿ ಈ ವರ್ಷದ್ದು, ಮುರಿದ ಹಲ್ಲಿನ ಹಾಗೆ.

ಅಣ್ಣ ಈಜು ಕಲಿಸುವವನು. ಹದಿನೇಳು ದಿನ ಕಾಡಿದ ಜ್ವರ ಹೋಗುವಾಗ ಅವನ ತೊಡೆಗಳನ್ನೂ ಹೊತ್ತುಕೊಂಡು ಹೋಗಿತ್ತು. "ಈಜು ಮಾಸ್ತರು ಹೋಗಿ ಈಜಿಚೇರ್ ಮಾಸ್ತರಾದೆ" ಎಂದು ತಾನೇ ನಗಿಸುತ್ತಿದ್ದ. ಅರ್ಧ ನಿಮಿಷದಲ್ಲಿ ಹನ್ನೆರಡು ಸಲ, ಕೈ ಊರದೆ ಕುರ್ಚಿಯಿಂದ ಎದ್ದರೆ ಮಾತ್ರ ಕೊಳಕ್ಕಿಳಿಯಲು ಬಿಡುವುದಾಗಿ ಫಿಸಿಯೋ ಮೇಡಂ ಹೇಳಿದ್ದರು. ಶನಿವಾರ ಪರೀಕ್ಷೆ. ಅದಕ್ಕಾಗಿ ದಿನಾ ಊಟದ ಬಿಡುವಿಗೆ ಲಿಫ್ಟು ಹತ್ತಿ ಇಲ್ಲಿಗೆ ಬರುತ್ತಿದ್ದ. ಮೂಗಿನಲ್ಲೇ ಮೇಡಂ ದನಿ ತೆಗೆದು, "ಕುರ್ಚಿ ನಿಮ್ಮ ನೆಂಟ ಅಲ್ಲ ಸಾರ್, ತಬ್ಕೋಬೇಡಿ!" ಎಂದು ತನ್ನನ್ನೇ ಗದರಿಕೊಂಡು ಏಳುತ್ತಿದ್ದ. ತಂಗಿ ಎಣಿಸುತ್ತಿದ್ದಳು.

ಇವತ್ತು ಮೇಡಂ ದನಿ ಹೊರಡಲಿಲ್ಲ.

"ಬೇಜಾರಾಗೋಯ್ತು ಅಲ್ವಾ ಈ ಲೇಖನ ಬರೆಯೋರಿಗೆಲ್ಲ? ಬೇರೆ ಕಾಯಿಲೆ ಸಿಕ್ಕಿರ್ಬೇಕು. ಅವರೇ ಕೈಬಿಟ್ಮೇಲೆ ನಾನೊಬ್ಬ ಇಲ್ಲಿ ಎದ್ದು ಕೂತು ಮಾಡಿ ಏನು?"

"ಅಯ್ಯೋ ಪೆದ್ದಣ್ಣ, ವರ್ಷ ಇನ್ನೂ ಅರ್ಧ ಆಗಿರೋದು ಕಣೋ. ಅರ್ಧ ಹೊಲಿದ ಅಂಗಿ ಹಾಕ್ಕೊಂಡು ತೋಳೆಲ್ಲಿ ಅಂತೀಯಲ್ಲ!"

ಮುಗಿಯದ ವರ್ಷವನ್ನು ಚಿತ್ರಕ್ಕೆ ಸೇರಿಸಬಾರದೆಂಬುದು ಅವಳ ಕೆಲಸದ ಮೊದಲ ಪಾಠ. ತೆಗೆಯಲು ಮರೆತಿದ್ದಳು. ಅಣ್ಣನ ಮುಖ ಒಂದಿಷ್ಟು ಬಿಚ್ಚಿತು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಅರ್ಧ ಕೊಳ ದಾಟಲು ಎಷ್ಟು ಸೆಕೆಂಡು ಹಿಡಿಯಿತೆಂದು ಮಕ್ಕಳನ್ನು ವರ್ಷಗಟ್ಟಲೆ ಅಳೆದವನು ಅವನು.

"ಹಾಗಾದ್ರೆ ಹೋದ್ವರ್ಷ ಇದೇ ಹೊತ್ತಿಗೆ ಎಷ್ಟಾಗಿತ್ತು?"

ಅದೂ ಅವಳಿಗೆ ಗೊತ್ತಿತ್ತು. ಬೆಳಿಗ್ಗೆಯೇ ನೋಡಿದ್ದಳು. ಬಾಯಿಗೆ ಬಂದ ಯಾವ ಅಂಕೆ ಹೇಳಿದರೂ ಅವನು ನಂಬುತ್ತಿದ್ದ.

ಕಿಟಕಿಯ ಹಸಿರು ಗಾಜಿನಿಂದ ಸೋಸಿಬಂದ ಬಿಸಿಲು ಕೋಣೆಯನ್ನೆಲ್ಲ ನೀರಿನ ತಳದಂತೆ ಮಾಡಿತ್ತು. ಫ್ಯಾನಿನ ನೆರಳು ಗೋಡೆಯ ಮೇಲೆ ನಿಧಾನ ಕೈ ಬೀಸುತ್ತಿತ್ತು. ಕಪಾಟುಗಳು, ಕಡತಗಳು, ಮೇಜಿನ ಮೇಲಿನ ನೀರಿನ ಲೋಟ ಎಲ್ಲವೂ ತಮ್ಮ ಭಾರ ಕಳೆದುಕೊಂಡು ಇನ್ನೇನು ತೇಲುತ್ತವೆ ಅನ್ನಿಸಿತು. ಅಣ್ಣನೊಬ್ಬನೇ ತಳ ಹಿಡಿದು ಕೂತಿದ್ದ, ಉತ್ತರಕ್ಕೆ ಕಾಯುತ್ತ.

"ಮುನ್ನೂರ ಹದಿನೆಂಟು" ಅಂದಳು.

"ಈ ವರ್ಷ?"

"ಇನ್ನೂರ ನಲವತ್ತೊಂದು."

ಅವನು ಗಿಡ್ಡ ಕಂಬವನ್ನು ಇನ್ನೊಮ್ಮೆ ನೋಡಿದ.

"ಒಂದೊಂದು ಲೇಖನ ಒಬ್ಬೊಬ್ರೇ ಬರೀತಾರಾ?"

"ಇಲ್ಲ ಅಣ್ಣ. ಐದಾರು ಜನ ಇರ್ತಾರೆ. ಕೆಲವದ್ರಲ್ಲಿ ಇಪ್ಪತ್ತು."

"ಐದೇ ಅಂದ್ರೂ ಸಾವಿರದ ಮೇಲಾಯ್ತು." ಅವನ ಕಣ್ಣು ಎಲ್ಲೋ ಹೋಗಿತ್ತು. "ಇನ್ನೂ ಸಾವಿರ ಜನ ಎಲ್ಲೆಲ್ಲೋ ಕೂತು ಕಂಡೋರ ತೊಡೆ ಅಳೀತಿದಾರೆ. ಎಲ್ರೂ ಒಟ್ಟಿಗೆ ಬಂದ್ಬಿಟ್ರೆ ನಮ್ಮ ಕೊಳ ಹಿಡಿಸಲ್ಲ ಕಣೇ."

"ಬಂದ್ರೆ ಮೊದ್ಲು ಸ್ನಾನ ಮಾಡಿಸಿ ಇಳಿಸು."

ಅವನು ಕುರ್ಚಿಯ ಅಂಚಿಗೆ ಸರಿದ. ಪ್ಯಾಂಟಿನೊಳಗೆ ಕಾಲುಗಳು ಎಲ್ಲಿವೆಯೆಂದು ಹುಡುಕುವಂತಿತ್ತು.

"ಎಣಿಸು. ಒಂದರಿಂದ."

ನಾಲ್ಕರವರೆಗೆ ಸಲೀಸು. ಎಂಟಕ್ಕೆ ಉಸಿರು ಸದ್ದು ಮಾಡತೊಡಗಿತು. ಹತ್ತಕ್ಕೆ ತಂಗಿ ಗಡಿಯಾರ ನೋಡುವುದನ್ನು ಬಿಟ್ಟಳು. ಹನ್ನೊಂದಾದ ಮೇಲೆ ಅವನು ಕುರ್ಚಿಯಿಂದ ಒಂದು ಗೇಣು ಮೇಲೆ ಬಂದು, ಪೂರ್ತಿ ಏಳದೆ, ಪೂರ್ತಿ ಕೂರದೆ ಅಲ್ಲೇ ನಿಂತ. ಮೊಳಕಾಲು ನಡುಗುತ್ತಿತ್ತು. ಎದೆಯ ಮೇಲಿನ ಕೈಗಳು ಮಾತ್ರ ಕದಲಲಿಲ್ಲ. ತಂಗಿ ಮುಂದಿನ ಅಂಕೆಯನ್ನು ನಾಲಿಗೆಯ ತುದಿಯಲ್ಲಿ ಹಿಡಿದುಕೊಂಡು, ಉಸಿರು ಬಿಡದೆ ಕಾದಳು.