ಇಪ್ಪತ್ತೊಂದು ದಿನದ ಬ್ಯಾಗು

ಜಿಪ್ಪು ಮತ್ತೆ ಅದೇ ಜಾಗದಲ್ಲಿ ನಿಂತಿತು, ತುದಿಗೆ ಇನ್ನು ನಾಲ್ಕೇ ಬೆರಳು ಅನ್ನುವಾಗ, ಅಲ್ಲಿ ಹಲ್ಲು ಸವೆದಿದೆ, ಮೊನ್ನೆ ಹೊಸದುರ್ಗದ ಬಸ್‌ಸ್ಟ್ಯಾಂಡ್ ಪಕ್ಕ ರಿಪೇರಿ ಮಾಡಿಕೊಡುವಾಗಲೇ ಜಬೀವುಲ್ಲಾ ಸಾಬರು ಹೇಳಿದ್ದರು, ಮೇಣದಬತ್ತಿ ಉಜ್ಜಮ್ಮ, ಆದ್ರೆ ಜಾಸ್ತಿ ತುರುಕಬ್ಯಾಡ, ಇದು ಬ್ಯಾಗು, ಲಗೇಜ್ ಆಟೋ ಅಲ್ಲ — ತುರುಕುತ್ತಿರುವುದು ನಾನಲ್ಲ, ಅದನ್ನು ಯಾರಿಗೆ ಹೇಳಲಿ, ಬೆಳಿಗ್ಗೆ ಏಳಕ್ಕೇ ನಾನು ತುಂಬಿ ಮುಚ್ಚಿಟ್ಟಿದ್ದೆ, ಚೆನ್ನಾಗಿಯೇ ಮುಚ್ಚಿತ್ತು, ಆಮೇಲೆ ಮತ್ತೋಡಿನಿಂದ ದೊಡ್ಡವ್ವ ಬಂದಳು, ಕಾಲು ತೊಳೆಯುವ ಮೊದಲೇ ಎಲ್ಲವನ್ನೂ ಮಂಚದ ಮೇಲೆ ಸುರುವಿದಳು, ಏನ್ ತುಂಬಿದೀಯೇ ಚೈತ್ರಾ, ಇಪ್ಪತ್ತೊಂದು ದಿನಕ್ಕೆ ಇಷ್ಟೇನಾ, ರಾಗಿಹಿಟ್ಟು ಎಲ್ಲೈತೆ, ಚಟ್ನಿಪುಡಿ ಎಲ್ಲೈತೆ, ಕ್ಯಾಂಟೀನಿನ ಅನ್ನ ತಿನ್ಸಿ ನನ್ ತಂಗೀನ ಸೊರಗಿಸ್ಬೇಕು ಅಂತ ಮಾಡಿದೀಯೇನೇ, ಅಂದವಳು ಮುದ್ದೆ ಕೋಲನ್ನೂ ತಂದು ಟವೆಲ್ಲುಗಳ ಮಧ್ಯೆ ಇಟ್ಟಳು, ದೊಡ್ಡವ್ವಾ, ವಾರ್ಡಲ್ಲಿ ಒಲೆ ಇರಲ್ಲ, ಅಂದೆ, ಇಲ್ದಿದ್ರೇನು, ನಿಮ್ಮಣ್ಣ ಹುಟ್ಟಿದಾಗ ದುರ್ಗದ ಆಸ್ಪತ್ರೆ ಹಿಂದ್ಗಡೆ ಮೂರು ಕಲ್ಲಿಟ್ಟು ಬೇಯ್ಸಿರ್ಲಿಲ್ವಾ — ಅಣ್ಣ ತಿಪ್ಪೇಶನಿಗೆ ಈಗ ಮೂವತ್ತೆರಡು, ಆ ಮೂರು ಕಲ್ಲು ಇನ್ನೂ ಅಲ್ಲೇ ಕಾಯುತ್ತಾ ಕೂತಿರಬೇಕು, ಈ ಮಾತನ್ನು ಬಾಯಿಬಿಟ್ಟು ಹೇಳಿದ್ದರೆ ದೊಡ್ಡವ್ವನೂ ನಗುತ್ತಿದ್ದಳೋ ಏನೋ, ಆದರೆ ನನ್ನ ಮಾತುಗಳೆಲ್ಲ ಡೈರಿಗೇ ಹೋಗುತ್ತವೆ, ಎರಡು ಗಂಟೆ ತಡವಾಗಿ, ನೀಟಾಗಿ, ಯಾರಿಗೂ ಉಪಯೋಗವಿಲ್ಲದೆ.

ಹಾಲೇಶನ ಬಾಡಿಗೆ ಕಾರು ನಾಲ್ಕಕ್ಕೆ ಬರುತ್ತದೆ, ಈಗ ಮೂರು ಹತ್ತು, ಹೊಳಲ್ಕೆರೆ ದಾಟಿ ದಾವಣಗೆರೆ ಮುಟ್ಟುವ ಹೊತ್ತಿಗೆ ಆರೂವರೆ, ಅಷ್ಟರೊಳಗೆ ಅಡ್ಮಿಷನ್ ಆಗಬೇಕು, ನಾಡಿದ್ದು ಆಪರೇಷನ್, ಒಟ್ಟು ಇಪ್ಪತ್ತೊಂದು ದಿನ ಅಲ್ಲೇ ಇರಬೇಕು, ಅವ್ವನ ಕತ್ತಿನ ಮೂಳೆಗಳ ನಡುವೆ ನರ ಸಿಕ್ಕಿಹಾಕಿಕೊಂಡಿದೆ, ಎಡಗೈ ವರ್ಷದಿಂದ ಜೋಮು ಹಿಡಿಯುತ್ತಿತ್ತು, ಈಗ ಲೋಟ ಹಿಡಿದರೆ ಜಾರುತ್ತದೆ, ಕೆಳಗೆ ಬಿದ್ದ ಮೇಲೆಯೇ ಅವಳಿಗೆ ಗೊತ್ತಾಗುವುದು — ಏನು ಬೇಕು ಅಂತ ನರ್ಸು ಕಳಿಸಿದ ಪಟ್ಟಿ ನನ್ನ ಫೋನಿನಲ್ಲಿದೆ, ಮುಂದೆ ಗುಂಡಿ ಇರುವ ನೈಟಿ ನಾಲ್ಕು, ಯಾಕೆಂದರೆ ಕತ್ತಿಗೆ ಪಟ್ಟಿ ಹಾಕಿದ ಮೇಲೆ ತಲೆಯ ಮೇಲಿಂದ ಏನೂ ತೊಡಿಸಲಾಗುವುದಿಲ್ಲ, ಬಗ್ಗುವ ಸ್ಟ್ರಾ, ಜಾರದ ಚಪ್ಪಲಿ, ರಬ್ಬರ್ ಶೀಟು, ಫ್ಲಾಸ್ಕು, ಬಕೆಟ್ಟು ಜಗ್ಗು, ಎಮ್ಮಾರೈ ಫಿಲ್ಮು, ಆಧಾರ್, ಉದ್ದ ವೈರಿನ ಸ್ವಿಚ್‌ಬಾಕ್ಸು — ಪ್ಲಗ್ಗು ಯಾವಾಗಲೂ ಮಂಚದಿಂದ ದೂರ ಇರ್ತದೆ ಮೇಡಂ — ಎಷ್ಟು ಒಳ್ಳೆಯ ಪಟ್ಟಿ, ಒಂದೊಂದಕ್ಕೂ ಕಾರಣವಿದೆ, ದುರ್ಗದಲ್ಲಿ ನಾಲ್ಕು ಅಂಗಡಿ ಸುತ್ತಿ ನಾನು ತಂದ ನೈಟಿಗಳನ್ನು ಅವ್ವ ಹತ್ತು ಗಂಟೆಗೇ ತೆಗೆದು ಆಚೆ ಇಟ್ಟಳು, ಗುಂಡಿ ಬಿಚ್ಕಂಡು ಗಂಡಸ್ರ ಮುಂದೆ ಮಲಗಾಕೆ ನಾನೇನು ಬೊಂಬೆನಾ, ಸೀರೆ ಇಡು, ಆರು ಸೀರೆ ಇಡು, ಅಂದಳು, ನಾನು ಮತ್ತೆ ಇಟ್ಟೆ, ಅವಳು ಮತ್ತೆ ತೆಗೆದಳು, ನಾಲ್ಕನೇ ಸಲ ರಬ್ಬರ್ ಶೀಟಿನೊಳಗೆ ಸುತ್ತಿ ಕಳ್ಳಮಾಲಿನ ಹಾಗೆ ತಳಕ್ಕೆ ತಳ್ಳಿದೆ, ಇದೇನು ಮನೆಯೋ, ಒಬ್ಬರಿಗೆ ಹುಷಾರಿಲ್ಲ ಅಂದರೆ ಅವರಿಗೆ ಬೇಕಾದ್ದನ್ನು ಅವರಿಂದಲೇ ಬಚ್ಚಿಟ್ಟು ಒಯ್ಯಬೇಕು.

ಆದರೆ ಬ್ಯಾಗು ಮುಚ್ಚದಿರುವುದು ನೈಟಿಯಿಂದಲ್ಲ, ರಾಗಿಹಿಟ್ಟಿನಿಂದಲೂ ಅಲ್ಲ, ಅವ್ವನ ಪೂಜೆ ಪೆಟ್ಟಿಗೆಯಿಂದ, ಬಿಸ್ಕತ್ತಿನ ಹಳೇ ತಗಡಿನ ಡಬ್ಬ, ನಾಲ್ಕು ಮೂಲೆ, ಎಲ್ಲಿಟ್ಟರೂ ಜಿಪ್ಪಿಗೆ ಚುಚ್ಚುತ್ತದೆ, ಅದನ್ನು ತೆಗೀ ಅನ್ನುವ ಧೈರ್ಯ ದೊಡ್ಡವ್ವನಿಗೂ ಇಲ್ಲ, ಯಾಕೆಂದರೆ ಹೋದ ವಾರ ಅವ್ವ ಆಸ್ಪತ್ರೆಗೇ ಬರಲ್ಲ ಅಂದುಬಿಟ್ಟಿದ್ದಳು, ನರ್ಸು ಫೋನಿನಲ್ಲಿ ಹೇಳಿದ್ದು ಒಂದೇ ಮಾತು, ಕತ್ತಿನ ಮೇಲೆ ದಾರ ಕೂಡ ಇರಬಾರದು ಮೇಡಂ, ಅಲ್ಲೇ ತಾನೇ ಕುಯ್ಯೋದು, ಆಮೇಲೂ ಮೂರು ತಿಂಗಳು ಪಟ್ಟಿ ಇರ್ತದೆ — ಅವ್ವನ ಕೈ ತನ್ನಷ್ಟಕ್ಕೆ ಎದೆಯ ಮೇಲಿನ ಬೆಳ್ಳಿ ಕರಡಿಗೆಗೆ ಹೋಯಿತು, ಒಳಗೆ ಅವಳ ಇಷ್ಟಲಿಂಗ, ಹನ್ನೊಂದನೇ ವಯಸ್ಸಿಗೆ ಕಟ್ಟಿದ್ದು, ಸ್ನಾನಕ್ಕೂ ತೆಗೆದವಳಲ್ಲ, ಕೈಗೆ ಕಟ್ಕಳ್ಲಾ, ಅಂದಳು, ಕೈಗೆ ಡ್ರಿಪ್ ಹಾಕ್ತಾರವ್ವ, ಅಂದೆ, ಸೊಂಟದಿಂದ ಕೆಳಗೆ ಅದು ಇಳೀಬಾರ್ದು, ಗೋಡೆ ಮೊಳೆಗೆ ತೂಗಾಕಾಕೆ ಅದೇನು ಕ್ಯಾಲೆಂಡರಾ, ಬ್ಯಾಡ, ನಂಗೆ ಆಪ್ರೇಷನ್ನೇ ಬ್ಯಾಡ, ಕೈ ಹೋದ್ರೆ ಹೋಗ್ಲಿ, ಅಂದಳು — ಡಾಕ್ಟರು ಕೈ ಅಷ್ಟೇ ಅಂದಿರಲಿಲ್ಲ, ಹೀಗೇ ಬಿಟ್ಟರೆ ಕಾಲೂ ಹೋಗುತ್ತದೆ ಅಂದಿದ್ದರು, ಆ ದಿನ ಅವರು ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದರು, ಅಮ್ಮ, ಎಡಗೈಲಿ ದಿನಾ ಏನಾದ್ರೂ ತುಂಬಾ ಹೊತ್ತು ಹಿಡಿದಿರ್ತೀರಾ, ತಲೆ ಬಗ್ಗಿಸ್ಕೊಂಡು, ಅವ್ವ ಸುಮ್ಮನೆ ಹೇಳಿದ್ದಳು, ಏನಿಲ್ಲ ಸರ್.

ದಿನಾ ಹಿಡಿದಿರುತ್ತಾಳೆ, ನಾನು ಹೇಳಬೇಕಿತ್ತು, ದಿನಾ ಬೆಳಿಗ್ಗೆ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ತಲೆ ಬಗ್ಗಿಸಿ ಕೂರುತ್ತಾಳೆ, ಮೊದಲು ಕಾಲು ಗಂಟೆ, ಈಚೀಚೆಗೆ ಮುಕ್ಕಾಲು ಗಂಟೆ, ಗೋಡೆ ಕಡೆ ಮುಖ, ನನಗೆ ಕಾಣುವುದು ಬೆನ್ನು, ಬಗ್ಗಿದ ಕತ್ತು, ಮಡಚಿದ ಎಡ ಮೊಣಕೈ, ಹಿಂದಿನಿಂದ ನೋಡಿದರೆ ಮೊಣಕೈ ಸಣ್ಣಗೆ ನಡುಗುತ್ತಿರುತ್ತದೆ, ಅಡುಗೆಮನೆಯಿಂದ ನಾನು ಕೂಗುತ್ತಿದ್ದೆ, ಎಷ್ಟೊತ್ತವ್ವಾ, ಉಪ್ಪಿಟ್ಟು ತಣ್ಣಗಾಯ್ತು, ವಯಸ್ಸಾದಂತೆ ಭಕ್ತಿ ಜಾಸ್ತಿಯಾಗುತ್ತದೆ ಎಂದು ಡೈರಿಯಲ್ಲಿ ಬರೆದಿದ್ದೆ, ಅದರ ಕೆಳಗೆ ಗೆರೆ ಬೇರೆ ಎಳೆದಿದ್ದೆ, ದೊಡ್ಡ ತತ್ವ ಕಂಡುಹಿಡಿದವಳ ಹಾಗೆ — ಮೂರು ದಿನ ಹಟ ಹಿಡಿದು ಕೊನೆಗೆ ಅವ್ವನೇ ದಾರಿ ಕಂಡುಕೊಂಡಳು, ನಂದು ಬಿಚ್ಚಿದ್ರೆ ಇನ್ನೊಬ್ರ ಕೊಳ್ಳಾಗೆ ಇರ್ಬೇಕು, ಅವ್ರದೂ ಇದ್ದು ಅದ್ರ ಜತಿಗೆ ಇರ್ಬೇಕು, ಬರೀ ಕೊಳ್ಳಿಗೆ ಕಟ್ಟಲ್ಲ, ಮಂಚದ ಪಕ್ಕದಾಗೇ ಇರ್ಬೇಕು, ನಂಗೇನಾರ ಆದ್ರೆ ಅಂಗೈಗಿಡಾಕೆ ಕೈಗೆ ಸಿಗಂಗಿರ್ಲಿ — ಎಲ್ಲರಿಗೂ ಅಪ್ಪನೇ ಕಂಡಿರಬೇಕು, ಆರು ವರ್ಷದ ಹಿಂದೆ ತೀರಿಕೊಂಡಾಗ, ಗುಣಿಯಲ್ಲಿ ಕೂರಿಸುವ ಮೊದಲು ಎಡ ಅಂಗೈಯಲ್ಲಿ ಲಿಂಗ ಇಟ್ಟು ಬೆರಳು ಮಡಚಿ ಬಟ್ಟೆ ಸುತ್ತಿದ್ದರು — ಅಣ್ಣನೇ ಮೊದಲು ತಲೆ ಕೆರೆದುಕೊಂಡ, ಮೋಟಾರ್ ವೈಂಡಿಂಗ್ ಅಂಗಡಿಯವನು, ಕರೆಂಟಿನ ಕೆಲಸ, ನಂದು ಬಿಚ್ಚಿ ಹತ್ತು ವರ್ಷ ಆತಲ್ಲವ್ವಾ, ನಿಂಗೆ ಗೊತ್ತಲ್ಲ, ಹೂಂ ಕಣಪ್ಪ, ನೀನು ಹೇಳಿಯಾದ್ರೂ ಬಿಚ್ಚಿದೆ, ಅಂದಳು ಅವ್ವ, ದೊಡ್ಡವ್ವ ಮನೆ ನೋಡಿಕೊಳ್ಳಲು ಇಲ್ಲೇ ಉಳಿಯಬೇಕು, ಉಳಿದವಳು ನಾನು, ಡಿಗ್ರಿ ಮುಗಿಸಿ ಮನೆಯಲ್ಲಿರುವವಳು, ಆಸ್ಪತ್ರೆಗೆ ಹೇಗೂ ಹೋಗಬೇಕಾದವಳು, ನಮ್ ಚೈತ್ರಾ ಹಾಕ್ಕಳ್ತಾಳೆ ಬಿಡು, ಅವಳ್ದು ಐತಲ್ಲ, ಅಂದಳು ಅವತ್ತು ಮಾತಾಡಿಸಲು ಬಂದಿದ್ದ ದೊಡ್ಡವ್ವ, ಅವ್ವ ಆಗ ನನ್ನ ಕಡೆ ನೋಡಲಿಲ್ಲ, ಕಿಟಕಿಯ ಕಡೆ ನೋಡುತ್ತಿದ್ದಳು.

ನನ್ನದು ಇಲ್ಲ, ಅಂದರೆ ಕೊರಳಲ್ಲಿ ಇಲ್ಲ, ದುರ್ಗದ ಹಾಸ್ಟೆಲಿನಲ್ಲಿದ್ದಾಗ, ಡಿಗ್ರಿ ಎರಡನೇ ವರ್ಷ, ನನ್ನ ಬೆಂಚಿನ ಹುಡುಗಿಯೊಬ್ಬಳು ಎಲ್ಲರಿಗೂ ಕೇಳುವ ಹಾಗೆ ಕೇಳಿದ್ದಳು, ಏನೇ ಅದು ಡ್ರೆಸ್ಸೊಳಗೆ ನಿಂಬೆಹಣ್ಣು ಇಟ್ಕಂಡಿದೀಯ, ಅಷ್ಟೇ, ಅಷ್ಟೇ ಮಾತು, ಬೇರೆಯವರಾಗಿದ್ದರೆ ತಿರುಗಿಸಿ ಏನಾದರೂ ಅನ್ನುತ್ತಿದ್ದರು, ನಾನು ಆ ಸಂಜೆಯೇ ಬಿಚ್ಚಿದೆ, ರಜಕ್ಕೆ ಬಂದಾಗ ಅದನ್ನು ಹಳೇ ಕಂಪಾಸ್ ಬಾಕ್ಸಿನಲ್ಲಿಟ್ಟು ಟ್ರಂಕಿನ ತಳಕ್ಕೆ ಹಾಕಿದೆ, ಮೂರು ವರ್ಷವಾಯಿತು, ಅವ್ವ ಕೇಳಲಿಲ್ಲ, ನಾನು ಹೇಳಲಿಲ್ಲ, ನಾಳೆ ಹೇಳುತ್ತೇನೆ ಎಂದು ಡೈರಿಯಲ್ಲಿ ಎಷ್ಟು ಸಲ ಬರೆದಿದ್ದೇನೋ — ಮೊನ್ನೆ ಟ್ರಂಕು ತೆಗೆದೆ, ಬಾಕ್ಸು ಇತ್ತು, ಒಳಗೆ ಕೈವಾರ, ಕೋನಮಾಪಕ, ಅಣ್ಣನ ಕಾಲದ ಒಂದು ದೊಡ್ಡ ಗಾಜಿನ ಗೋಲಿ, ಲಿಂಗ ಇರಲಿಲ್ಲ, ಟ್ರಂಕು ಪೂರ್ತಿ ಖಾಲಿ ಮಾಡಿದೆ, ಅಟ್ಟ ಹುಡುಕಿದೆ, ಅಕ್ಕಿ ಡಬ್ಬದೊಳಗೂ ಕೈ ಹಾಕಿದೆ, ಸುಣ್ಣ ಹೊಡೆಸುವಾಗ ಗುಜರಿಗೆ ಹೋಯಿತೇ, ಹೊಸದು ಬೇಕೆಂದರೆ ಸಿರಿಗೆರೆ ಮಠಕ್ಕೆ ಹೋಗಿ ಕೇಳಬೇಕು, ಯಾಕಮ್ಮ, ಹಳೇದೇನಾಯ್ತು ಅಂತ ಅವರು ಕೇಳುತ್ತಾರೆ, ಆ ಒಂದು ಪ್ರಶ್ನೆಗೆ ಹೆದರಿ ನಾನು ಮಾಡಿದ್ದು, ಥೂ, ಬರೆಯಲೂ ಆಗಿಲ್ಲ — ಗೋಲಿಯನ್ನೇ ಬಿಳಿ ಬಟ್ಟೆಯಲ್ಲಿ ಸುತ್ತಿ ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡೆ, ಒಬ್ಬರ ಲಿಂಗವನ್ನು ಇನ್ನೊಬ್ಬರು ಬಿಚ್ಚಿ ನೋಡುವುದಿಲ್ಲ ಅನ್ನುವ ಒಂದೇ ಧೈರ್ಯ, ಇವತ್ತು ಬೆಳಿಗ್ಗೆ ತಲೆ ಬಾಚುತ್ತಿದ್ದಾಗ ಅವ್ವ ಕೇಳಿದಳು, ಕೊಳ್ಳಾಗೆ ಐತೇನೇ, ಐತವ್ವ, ಅಂದೆ, ವೇಲಿನ ಮೇಲಿಂದ ಒತ್ತಿ ತೋರಿಸಿದೆ, ಗೋಲಿ ಎದೆಮೂಳೆಗೆ ತಣ್ಣಗೆ ಕೊರೆಯಿತು, ಹೂಂ, ಅಂದಳು.

ಮೂರು ಇಪ್ಪತ್ತೈದು, ಡಬ್ಬವನ್ನು ಅಡ್ಡ ಇಟ್ಟರೆ ಆಗುತ್ತದೇನೋ, ಇಲ್ಲ, ಉದ್ದಕ್ಕೆ, ಇಲ್ಲ, ಒಳಗಿನದನ್ನು ತೆಗೆದು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಈ ದರಿದ್ರ ಮೂಲೆಗಳ ಕಾಟ ತಪ್ಪುತ್ತದೆ, ಅವ್ವನಿಗೆ ಆಮೇಲೆ ಹೇಳಿದರಾಯಿತು, ಮುಚ್ಚಳ ಬಿಗಿ, ಚಮಚದ ತುದಿ ಹಾಕಿ ಮೀಟಿದೆ, ವಿಭೂತಿ ಗಟ್ಟಿ, ಮಡಿಸಿದ ಬಿಳಿ ಬಟ್ಟೆ, ಒಣಗಿದ ಬಿಲ್ವಪತ್ರೆ, ಒಂದು ಪುಟ್ಟ ಗಿಂಡಿ, ಗಿಂಡಿಯ ಕೆಳಗೆ ನೀಲಿ — ನೀಲಿ ಬಟ್ಟೆಯ ಸಣ್ಣ ಗಂಟು, ಅಂಚಿನಲ್ಲಿ ಹಳದಿ ಹೂವು, ಈ ಹೂವು ನನಗೆ ಗೊತ್ತು, ಏಳನೇ ಕ್ಲಾಸಿನ ಲಂಗದ್ದು, ನನ್ನ ದೀಕ್ಷೆಯ ದಿನ ಅದರ ಅಂಚು ಕತ್ತರಿಸಿ ಲಿಂಗ ಕಟ್ಟಲು ಅವ್ವನೇ ಹೊಲಿದಿದ್ದು, ಅವ್ವನ ಲಿಂಗ ಅವ್ವನ ಕೊರಳಲ್ಲಿದೆ, ಈಗ ತಾನೇ ನೋಡಿದೆ, ಹಾಗಾದರೆ ಇದು, ಬಟ್ಟೆ ತೊಳೆದು ತೊಳೆದು ಬಣ್ಣ ಬಿಟ್ಟಿದೆ, ಆದರೆ ಮಡಿಯಾಗಿದೆ, ಬಿಚ್ಚಿದೆ, ಕಪ್ಪಗೆ, ನುಣ್ಣಗೆ, ಮೇಲೆ ವಿಭೂತಿ, ಹಳೆಯ ವಿಭೂತಿಯಲ್ಲ, ಬೆರಳಿಗೆ ಹತ್ತುತ್ತದೆ, ಇವತ್ತಿನದು, ಇವತ್ತು ಬೆಳಿಗ್ಗಿನದು — ಮೂರು ವರ್ಷ, ಕಾಲು ಗಂಟೆ ಯಾವಾಗ ಮುಕ್ಕಾಲು ಗಂಟೆಯಾಯಿತು ಅಂತ ಯೋಚಿಸಲಿಲ್ಲ ನಾನು, ಮೊಣಕೈ ನಡುಗುತ್ತಿತ್ತು, ನಾನು ಉಪ್ಪಿಟ್ಟು ಅಂತ ಕೂಗುತ್ತಿದ್ದೆ, ಒಟ್ಟಿಗೇ ಇಟ್ಟುಕೊಳ್ಳುತ್ತಿದ್ದಳೋ, ಒಂದಾದ ಮೇಲೆ ಒಂದೋ, ಜೋಮು ಹಿಡಿದ ಕೈಯಲ್ಲಿ, ಲೋಟ ನಿಲ್ಲದ ಕೈಯಲ್ಲಿ, ಏನಿಲ್ಲ ಸರ್ — ಬೈಯಬಾರದಿತ್ತೇನವ್ವ, ನೀನು ಟ್ರಂಕು ತೆಗೆದ ದಿನವೇ ನನ್ನ ಜಡೆ ಹಿಡಿದು ಎಳೆದು ಕೇಳಬಾರದಿತ್ತೇ, ಕೇಳಿದ್ದರೆ ಅತ್ತುಬಿಡುತ್ತಿದ್ದೆ, ಮುಗಿದುಹೋಗುತ್ತಿತ್ತು, ಅದು ಬಿಟ್ಟು ನನ್ನ ಪಾಲಿನದನ್ನೂ ನೀನೇ ಹೊತ್ತುಕೊಂಡು ಕೂತೆ, ಯಾರು ಹೇಳಿದರು ಹೊರಲು, ಸಿಟ್ಟು ಬರುತ್ತಿದೆ ನನಗೆ, ನಿನ್ನ ಮೇಲೆ, ನನ್ನ ಮೇಲೆ, ಮಾತಾಡದ ಈ ಮನೆತನದ ಮೇಲೆ, ಇಬ್ಬರಿಗೂ ಒಂದೇ ರೋಗ, ನಾನಾದರೂ ಡೈರಿಯಲ್ಲಿ ಬಚ್ಚಿಡುತ್ತೇನೆ, ನೀನು ಅಂಗೈಯಲ್ಲಿ.

ಹಾರ್ನು, ಹಾಲೇಶ ಅರ್ಧ ಗಂಟೆ ಮೊದಲೇ ಬಂದಿದ್ದಾನೆ, ಬರ್ರಿ ಹೋಗಾಣ, ಚಿಕ್ಕಜಾಜೂರು ರೈಲ್ವೆ ಗೇಟ್ ಬಿದ್ರೆ ಲೇಟಾಗ್ತೈತೆ, ಅಂತ ಅಣ್ಣ ಅಂಗಳದಿಂದ ಕೂಗುತ್ತಾನೆ, ದೊಡ್ಡವ್ವ ಬ್ಯಾಗಿನ ಮೇಲೆ ಮಂಡಿಯೂರಿ ಜಿಪ್ಪು ಎಳೆಯುತ್ತಾಳೆ, ಅವ್ವ ಕುರ್ಚಿಯಲ್ಲಿ ಕೂತಿದ್ದಾಳೆ, ಬಲಗೈಯಲ್ಲಿ ಕರಡಿಗೆಯ ದಾರ ಎತ್ತಲು ನೋಡುತ್ತಾಳೆ, ಕತ್ತು ಬಗ್ಗುವುದಿಲ್ಲ, ತೆಗಿಯೇ, ಅನ್ನುತ್ತಾಳೆ, ತೆಗೆದೆ, ಕೊರಳ ಸುತ್ತ ದಾರ ಇದ್ದಷ್ಟು ಜಾಗ ಬೆಳ್ಳಗಿದೆ, ಮಗುವಿನ ಚರ್ಮದಂತೆ, ಅವಳ ಕಣ್ಣು ನನ್ನ ಕೈಯಲ್ಲಿದ್ದ ನೀಲಿ ಬಟ್ಟೆಯ ಮೇಲೆ ಬಿತ್ತು, ಅಲ್ಲೇ ಇತ್ತು, ನಾನು ನನ್ನ ಕೊರಳಿನ ದಾರ ಎಳೆದೆ, ಗಂಟು ಸಡಿಲವಾಗಿತ್ತು, ಗೋಲಿ ನೆಲಕ್ಕೆ ಬಿದ್ದು ಟಣ್ ಟಣ್ ಅಂತ ಪುಟಿದು ಮಂಚದ ಕೆಳಗೆ ಉರುಳಿತು, ಏನೇ ಅದು ಬಿದ್ದಿದ್ದು, ದೊಡ್ಡವ್ವ ಬಗ್ಗಿ ನೋಡಿದಳು, ಅವ್ವ ಅಂದಳು, ಗೋಲಿ ಕಣಕ್ಕ, ತಿಪ್ಪೇಶಂದು, ಅದನ್ನೂ ಬ್ಯಾಗಿಗೆ ಹಾಕು, ಆಸ್ಪತ್ರ್ಯಾಗೆ ಹೊತ್ತು ಹೋಗಲ್ಲ ಇವಳಿಗೆ — ನಗಲಿಲ್ಲ, ಬೈಯಲೂ ಇಲ್ಲ, ಬೈಯವ್ವ, ಒಂದು ಸಲ ಬೈದುಬಿಡು, ಇಪ್ಪತ್ತೊಂದು ದಿನಕ್ಕೆ ಅದೊಂದನ್ನೂ ಬ್ಯಾಗಿಗೆ ಹಾಕು — ಅವ್ವ ಎಡಗೈ ಮುಂದಕ್ಕೆ ಚಾಚಿದ್ದಾಳೆ, ಇಟ್ಕೊಡು ಇಲ್ಲಿ, ಎರಡೂ, ನಿನ್ ಕೊಳ್ಳಿಗೆ ಕಟ್ಟಾಕಿಂತ ಮುಂಚೆ ಒಂದ್ಸಲ, ಅನ್ನುತ್ತಾಳೆ, ಇಟ್ಟೆ, ಅವಳದು, ಪಕ್ಕದಲ್ಲಿ ನನ್ನದು, ಇಷ್ಟು ವರ್ಷ ಬೆನ್ನೇ ನೋಡಿದ್ದೆ, ಮೊಣಕೈಯೇ ನೋಡಿದ್ದೆ, ಈ ಕಡೆಯಿಂದ ನೋಡಿರಲಿಲ್ಲ, ಹಾರ್ನು ಮತ್ತೆ, ಅಣ್ಣ ಮತ್ತೆ, ಜಿಪ್ಪು ನಾಲ್ಕು ಬೆರಳು ಬಾಕಿ, ಅಂಗೈ ನಡುಗುತ್ತಿದೆ, ಎರಡೂ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿವೆ, ಜಾರುತ್ತದೇನೋ ಎಂದು ಕೆಳಗೆ ನನ್ನ ಅಂಗೈ ಒಡ್ಡಿದ್ದೇನೆ, ಜಾರುತ್ತಿಲ್ಲ, ನಡುಗುತ್ತಿದೆ, ಎಡ ಅಂಗೈ, ಎರಡು ಲಿಂಗ, ನಡುಗುತ್ತಿದೆ, ಜಾರುತ್ತಿಲ್ಲ —